ಭಾನುವಾರದ ಕೆಂಪು ದೀಪ

ಮಾದನಾಯಕನಹಳ್ಳಿಯ ಗೋದಾಮುಗಳ ಹಿಂದೆ ಒಂದು ವಠಾರ. ವಠಾರಕ್ಕೆ ಎಂಟು ಕೋಣೆ. ಕೊನೆಯ ಕೋಣೆಯಲ್ಲಿ ರುಕ್ಮವ್ವ. ಗಂಡ ಮುದಕಪ್ಪ ಬೆಳಿಗ್ಗೆ ಲೋಡಿಂಗ್ ಕೆಲಸಕ್ಕೆ ಹೋದರೆ ಸಂಜೆಯೇ ಬರುವುದು. ಅಲ್ಲಿಯವರೆಗೆ ಆ ಕೋಣೆಯಲ್ಲಿ ಸದ್ದು ಮಾಡುವುದು ಕುಕ್ಕರ್ ಒಂದೇ.

ಅವರ ಮಗಳು ಭಾಗ್ಯಶ್ರೀಗೆ ಹನ್ನೊಂದು ವರ್ಷ. ಹುಟ್ಟಿದಾಗಿನಿಂದ ಕಿವಿ ಕೇಳಿಸದು. ಬಾಗಲಕೋಟೆ ಕಡೆಯ ಒಂದು ವಸತಿ ಶಾಲೆಯಲ್ಲಿದ್ದಾಳೆ. ಅವಳ ಮಾತೆಲ್ಲ ಕೈಯಲ್ಲಿ. ಅವಳೊಡನೆ ಮಾತಾಡಬೇಕಾದರೆ ಮುಖ ಕಾಣಬೇಕು, ಬೆರಳು ಕಾಣಬೇಕು. ಪ್ರತಿ ಭಾನುವಾರ ಮಧ್ಯಾಹ್ನ ಹನ್ನೆರಡೂವರೆಗೆ ವಾರ್ಡನ್ ನೀಲಾಂಬಿಕಾ ಮೇಡಂ ಹದಿನೈದು ನಿಮಿಷ ವಿಡಿಯೋ ಕರೆ ಮಾಡಿಸುತ್ತಾರೆ. ಗೋದಾಮಿನ ತಗಡುಗಳ ನಡುವೆ ಮೊಬೈಲ್ ಸಿಗ್ನಲ್ ನಿಲ್ಲುವುದಿಲ್ಲವೆಂದೇ ಮುದಕಪ್ಪ ಹೋದ ತಿಂಗಳು ಬ್ರಾಡ್‌ಬ್ಯಾಂಡ್ ಹಾಕಿಸಿದ್ದ.

ಅದಾದ ಮೊದಲ ಭಾನುವಾರ, ಏನೋ ಹೇಳಲು ಎತ್ತಿದ ಮಗಳ ಕೈ ಶಾಪಕ್ಕೆ ಸಿಕ್ಕಿ ಕಲ್ಲಾದಂತೆ ಗಾಳಿಯಲ್ಲೇ ನಿಂತಿತು. ಎರಡನೆಯ ಭಾನುವಾರ ಮುಖವೇ ಚೂರುಚೂರಾಯಿತು. ಮೂರನೆಯ ಭಾನುವಾರ ಕರೆಯೇ ಬರಲಿಲ್ಲ. ಸೋಮವಾರ ಬಂದದ್ದು ನೀಲಾಂಬಿಕಾ ಮೇಡಂ ಕಳಿಸಿದ ಧ್ವನಿ ಸಂದೇಶ: "ಅವ್ವ ನನ್ನ ಮಾರಿ ನೋಡಿ ಫೋನ್ ಇಟ್ಟಬಿಡ್ತಾಳ ಅಂತ ಕೈ ಮಾಡಿ ತೋರಸ್ತಾಳ್ರಿ. ಇನ್ನ ಫೋನಿಗೆ ಬರಾಂಗಿಲ್ಲ ಅಂತಾಳ. ಈ ಭಾನುವಾರ ಒಂದ್ ಸಲ ಕರದು ನೋಡ್ತೀನಿ."

ರುಕ್ಮವ್ವ ಅದನ್ನು ನಾಲ್ಕು ಬಾರಿ ಕೇಳಿದಳು.

ಬುಧವಾರ ಮುದಕಪ್ಪನಿಗೆ ವಾರದ ರಜೆ. "ಈ ನೆಟ್ಟಿನ ಪೆಟ್ಟಗಿ ತಗಸಿಬಿಡೂಣು," ಎಂದ. "ಬ್ಯಾರೆ ದಿನ ಛಲೋ ಓಡ್ತೈತಿ, ಬೇಕಾದಾಗ ಮಕ್ಕೊಂಡಬಿಡ್ತೈತಿ."

"ತಗಸಿ ಏನ್ ನೋಡ್ಲಿ? ನಿಮ್ಮ ಮಾರಿನಾ?"

ನೀರಿನ ಮೋಟಾರ್ ಹಾಕಲು ಬಂದಿದ್ದ ಲಾವಣ್ಯ ಬಾಗಿಲಲ್ಲೇ ನಕ್ಕಳು. ಅವಳು ಓನರ್ ಆವಲಪ್ಪನವರ ಸೊಸೆ. ಮನೆಯಿಂದಲೇ ಕಂಪನಿ ಕೆಲಸ ಮಾಡುವವಳು. "ತೆಗಿಸೋದು ಆಮೇಲೆ ಅಣ್ಣ. ಬಾಕ್ಸ್ ಎಲ್ಲಿಟ್ಟಿದೀರ?"

ಬಾಕ್ಸ್ ಕಬ್ಬಿಣದ ಟ್ರಂಕಿನ ಮೇಲೆ, ಸ್ಟೀಲ್ ಕೊಡದ ಹಿಂದೆ ಇತ್ತು. ಮೇಲೆ ದಪ್ಪ ಬಟ್ಟೆ.

"ಧೂಳ ಕುಂದರ್ತೈತಂತ ಹೊಚ್ಚೀನ್ರಿ ಅಕ್ಕಾರ."

"ಅದಕ್ಕೂ ಸೆಕೆ ಆಗತ್ತಲ್ಲ ಅಕ್ಕ. ಈ ಕೊಡ, ಟ್ರಂಕು ಎಲ್ಲಾ ಅದರ ಸಿಗ್ನಲ್‌ಗೆ ಅಡ್ಡ." ಲಾವಣ್ಯ ಅದನ್ನು ತೆರೆದ ಶೆಲ್ಫಿನ ಮೇಲಿಟ್ಟಳು. ಸ್ವಿಚ್ ಆರಿಸಿ, ನೂರು ಎಣಿಸಿ, ಮತ್ತೆ ಹಾಕಿದಳು. "ನೋಡಿ, ಈ ಬಾಕ್ಸಲ್ಲಿ ಹಸಿರು ದೀಪ ನಿಂತಿದ್ರೆ ಹೊರಗಿನ ಲೈನ್ ಸರಿ ಇದೆ ಅಂತ. ಕೆಂಪು ಮಿಣಮಿಣ ಅಂದ್ರೆ ತೊಂದರೆ ಕೋಣೆ ಒಳಗಲ್ಲ, ಬರೋ ತಂತೀಲಿ. ಯಾವತ್ತು ಕೈಕೊಡತ್ತೆ ಇದು?"

"ಭಾನುವಾರ," ಎಂದಳು ರುಕ್ಮವ್ವ. ಅವಳು ಯೋಚಿಸಬೇಕಾಗಿರಲಿಲ್ಲ.

"ಬರೀ ಭಾನುವಾರಾನಾ? ಹಂಗಾದ್ರೆ ಅದಕ್ಕೊಂದು ಕಾರಣ ಇರತ್ತೆ."

"ಅದಕ್ಕೂ ವಾರದ ರಜಾ ಬೇಕಲ್ರಿ," ಎಂದ ಮುದಕಪ್ಪ.

"ಕೆಂಪು ಬಂದ ತಕ್ಷಣ ನನ್ನ ಕರೀರಿ ಅಕ್ಕ."

ಭಾನುವಾರ ಬಂತು. ಮುದಕಪ್ಪ ಕೆಲಸಕ್ಕೆ ಹೋದ. ವಠಾರದ ಮಿಕ್ಕವರಿಗೆಲ್ಲ ರಜೆ. ಪೀಣ್ಯದ ಕಾರ್ಖಾನೆಗಳ ನೀಲಿ, ಬೂದು ಯೂನಿಫಾರಂಗಳು ಒಗೆಸಿಕೊಂಡು ಮಹಡಿ ಸೇರಿದವು. ರುಕ್ಮವ್ವನೂ ಮಗಳ ಕೌದಿ ಒಗೆದಳು. ಹಳೇ ಸೀರೆಗಳನ್ನು ಕೂಡಿಸಿ ಅವಳೇ ಹೊಲಿದ ಹೊದಿಕೆ ಅದು. ಎಂಟು ತಿಂಗಳಿಂದ ಅದನ್ನು ಯಾರೂ ಹೊದ್ದಿಲ್ಲ. ಆದರೂ ಲಾರಿಗಳ ಧೂಳು ಕೂರುತ್ತದೆ. ಮಗಳು ಬಂದಾಗ ಘಮಘಮ ಅನ್ನಬೇಕು. ಮಗಳ ಮುಖ ಕಾಣುವ ದಿನವೇ ಅದನ್ನು ಒಗೆಯುವುದು ಅವಳ ರೂಢಿ.

ಹನ್ನೆರಡು ಗಂಟೆಗೆ ಶೆಲ್ಫಿನ ಮೇಲೆ ಕೆಂಪು ದೀಪ ಮಿಣುಕಿತು. ರುಕ್ಮವ್ವ ಬರಿಗಾಲಲ್ಲಿ ಓಡಿದಳು.

ಲಾವಣ್ಯ ಅನ್ನಕ್ಕೆ ಇಟ್ಟಿದ್ದ ಒಲೆ ಆರಿಸಿ ಬಂದಳು. "ತಂತಿ ಹಿಡ್ಕೊಂಡೇ ಹೋಗೋಣ ಬನ್ನಿ. ಎಲ್ಲಿಂದ ಬರತ್ತೋ ನೋಡೋಣ."

ಗೋಡೆ ಹತ್ತಿದ ತೆಳ್ಳನೆಯ ಕಪ್ಪು ತಂತಿ ಮಹಡಿಗೆ ಹೋಗಿತ್ತು. ಅಲ್ಲಿ ಬಟ್ಟೆ ಒಣಹಾಕುವ ಹಗ್ಗ ಹರಿದು ಬಹಳ ದಿನವಾಗಿತ್ತು. ನೀರಿನ ಟ್ಯಾಂಕಿನಿಂದ ಮೋಟುಗೋಡೆಗೆ ಹಾದಿದ್ದ ಆ ತಂತಿಯ ಮೇಲೇ ವಠಾರದವರೆಲ್ಲ ಬಟ್ಟೆ ಹರವಿದ್ದರು. ನಟ್ಟನಡುವೆ ನೀರು ಸೋರುತ್ತಿದ್ದ ಭಾರದ ಕೌದಿ. ತಂತಿ ಮೊಣಕಾಲಿನವರೆಗೆ ಜೋತು, ಮೋಟುಗೋಡೆಯ ಮೂಲೆಯಲ್ಲಿ ಮಡಚಿಕೊಂಡಿತ್ತು.

"ಇದು ಹಗ್ಗ ಅಲ್ಲ ಅಕ್ಕ. ಒಳಗೆ ಕೂದಲಿನಷ್ಟು ಸಣ್ಣ ಗಾಜಿನ ಎಳೆ ಇದೆ. ಅದರಲ್ಲಿ ಬೆಳಕು ಓಡತ್ತೆ. ಹಿಂಗೆ ಮಡಚಿದ್ರೆ ಬೆಳಕು ಮುಂದೆ ಹೋಗಲ್ಲ. ಬಟ್ಟೆ ಒಣಗಿ ಭಾರ ಇಳಿದ್ರೆ ಮತ್ತೆ ಸರಿಹೋಗತ್ತೆ. ಆ ಕೌದಿ ಯಾರದ್ದು?"

ರುಕ್ಮವ್ವ ಕೌದಿಗೆ ಕೈ ಹಾಕಿದಳು. "ನಂದ ಐತ್ರಿ."

ಇಬ್ಬರೂ ಒಂದೊಂದೇ ಬಟ್ಟೆ ತೆಗೆದರು. ರುಕ್ಮವ್ವ ತಂತಿಯನ್ನು ಎಳೆದು ಬಿಗಿ ಮಾಡಲು ಹೋದಳು. ಲಾವಣ್ಯ ತಡೆದಳು. "ಮುಟ್ಟಬೇಡಿ, ಒಳಗಿನ ಎಳೆ ಮುರಿಯತ್ತೆ. ಕಂಪ್ಲೇಂಟ್ ಕೊಟ್ಟು ನಂಬರ್ ಬರ್ಕೊಳೋಣ, ಅವರೇ ಬಂದು ಎತ್ತರಕ್ಕೆ ಕಟ್ಟಲಿ."

ಕೆಳಗೆ ಬಂದಾಗ ಕೆಂಪು ಹೋಗಿತ್ತು. ಎರಡು ನಿಮಿಷಕ್ಕೆ ಹಸಿರು ನಿಂತಿತು. ರುಕ್ಮವ್ವ ಒದ್ದೆ ಕೌದಿಯನ್ನು ತೊಡೆಯ ಮೇಲಿಟ್ಟುಕೊಂಡೇ ಕೂತಳು.

ಕರೆ ಬಂತು. ಮೇಡಂ ಮುಖ, ಪಕ್ಕದಲ್ಲಿ ಖಾಲಿ ಕುರ್ಚಿ. "ಊಟದ ಮನ್ಯಾಗ ಕುಂತಾಳ್ರಿ. ಕರದ್ರ ತಲಿ ಅಲ್ಲಾಡಿಸ್ತಾಳ."

"ಫೋನ್ ಅಲ್ಲಿಗೇ ಒಯ್ರಿ ಮೇಡಂ. ಬೆನ್ನ ಕಂಡ್ರೂ ಸಾಕು."

ಬೆನ್ನೇ ಕಂಡಿತು. ಎರಡು ಜಡೆ, ಕೆಂಪು ಟೇಪು. ಕೂಗಿದರೆ ಕೇಳಿಸದ ಮಗು. ರುಕ್ಮವ್ವ ಕಾದಳು. ಎದುರು ಕೂತ ಹುಡುಗಿಯೊಬ್ಬಳು ಭಾಗ್ಯಶ್ರೀಯ ಕೈ ತಟ್ಟಿ ಫೋನಿನ ಕಡೆ ತೋರಿಸಿದಳು. ಜಡೆ ಅರ್ಧ ತಿರುಗಿತು. ರುಕ್ಮವ್ವ ಕೌದಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು.

ಮಗಳು ಪೂರ್ತಿ ತಿರುಗಿದಳು. ಕೌದಿಯ ಹಳದಿ ತೇಪೆಯನ್ನು ನೋಡಿದಳು. ನೀರು ತೊಟ್ಟಿಕ್ಕುವುದನ್ನು ನೋಡಿದಳು. ಕೈ ಎತ್ತಿದಳು. ಈ ಸಲ ಕೈ ಗಾಳಿಯಲ್ಲಿ ನಿಲ್ಲಲಿಲ್ಲ.

'ಒದ್ದೆ ಯಾಕಿದೆ?' ಎಂದು ಕೇಳಿತು.

ಹದಿನೈದರಲ್ಲಿ ಒಂಬತ್ತು ನಿಮಿಷ ಉಳಿದಿತ್ತು. ಅಷ್ಟೂ ಅವರದೇ ಆಯಿತು. ಆಮೇಲೆ ಕೋಣೆ ಎಂದಿನಂತೆ ಸುಮ್ಮನಾಯಿತು.

ಮುಂದಿನ ಬುಧವಾರ ಮುದಕಪ್ಪ ನೈಲಾನ್ ಹಗ್ಗ ತಂದು ಮಹಡಿಯ ಇನ್ನೊಂದು ಬದಿಗೆ ತಾನೇ ಕಟ್ಟಿದ. ಪೆಟ್ಟಿಗೆ ತೆಗೆಸುವ ಮಾತು ಎತ್ತಲಿಲ್ಲ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯ ನೆಟ್ಟೂ ಆಗಾಗ ಕೈಕೊಡುತ್ತಿದೆಯೇ? ಬೈದು ಕೂರುವ ಮೊದಲು ಬಾಕ್ಸಿನ ದೀಪ ನೋಡಿ. ಪಾತ್ರೆ, ಬೀರುಗಳ ಮರೆಯಿಂದ ಅದನ್ನು ಬಯಲಿಗೆ ತನ್ನಿ, ಒಮ್ಮೆ ಆರಿಸಿ ಹಾಕಿ. ಯಾವ ದಿನ, ಎಷ್ಟು ಹೊತ್ತಿಗೆ ನಿಲ್ಲುತ್ತದೆಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಕಾರಣ ಅಲ್ಲೇ ಸಿಗಬಹುದು. ತುಂಡಾದ ತಂತಿಯ ತುದಿಯೊಳಗೆ ಇಣುಕಬೇಡಿ, ಆ ಬೆಳಕು ಕಣ್ಣಿಗೆ ಅಪಾಯ; ನೀವೇ ಕತ್ತರಿಸಿ ಜೋಡಿಸಬೇಡಿ. ಸರಿಮಾಡುತ್ತೇವೆ ಎಂದು ಫೋನ್ ಮಾಡಿದವರಿಗೆ ಓಟಿಪಿ ಹೇಳಬೇಡಿ. ಇವತ್ತೇ ಒಮ್ಮೆ ಮಹಡಿ ಹತ್ತಿ, ಆ ಕಪ್ಪು ತಂತಿಯ ಮೇಲೆ ಯಾರ ಬಟ್ಟೆ ಇದೆ ನೋಡಿ ಬನ್ನಿ. ಅದರ ಇನ್ನೊಂದು ತುದಿಯಲ್ಲಿ ಯಾರೋ ನಿಮಗಾಗಿ ಕೈ ಎತ್ತಿ ಕಾಯುತ್ತಿರಬಹುದು.