ಸುಂದರಣ್ಣ ನಿಂತರೆ ಬಸ್ಸು ನಿಲ್ಲುತ್ತದೆ

ಸುಂದರಣ್ಣನಿಗೆ ನಮ್ಮೂರಿನಲ್ಲಿ ಭಾರೀ ಮರ್ಯಾದೆ. ಬಿಳಿ ಅಂಗಿ, ಹಣೆಗೆ ಗಂಧ, ಬಾಯಿ ತೆರೆದರೆ ಸಂಸ್ಕೃತಿಯ ಮಾತು. ಬಸ್ಸು ಹತ್ತಿದ ಮೇಲೆ ಮಾತ್ರ ಅವನ ಕೈ ಅವನ ಮಾತು ಕೇಳುವುದಿಲ್ಲ.

ಕಾರ್ಕಳದಿಂದ ಉಡುಪಿಗೆ ಹೋಗುವ ರಸ್ತೆಯಲ್ಲಿ, ಬಸ್ ಸ್ಟಾಪಿನ ಎದುರಿಗೇ ನನ್ನ ಟೈಲರಿಂಗ್ ಅಂಗಡಿ; ಊರಿನವರಿಗೆ ನಾನು ಮೇಬಲ್ ಬಾಯಿ. ಪಕ್ಕದ ಮನೆಯ ಕಾವ್ಯ ಮಣಿಪಾಲದ ಒಂದು ಲ್ಯಾಬಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದಳು. ಬಸ್ಸಿನಲ್ಲಿ ಸುಂದರಣ್ಣ ದಿನಾ ಅವಳ ಹಿಂದೆಯೇ ನಿಲ್ಲುತ್ತಿದ್ದ, ಒರಗುತ್ತಿದ್ದ, ಸೊಂಟಕ್ಕೆ ಕೈ ಹಾಕುತ್ತಿದ್ದ. ಕಂಡಕ್ಟರ್ ಲಕ್ಷಿತ್‌ಗೆ ಹೇಳಿದರೆ, "ರಶ್ ಇರುವಾಗ ತಾಗುತ್ತದೆ ಅಲ್ವಾ ಅಕ್ಕ," ಎಂದನಂತೆ. ಅಕ್ಕನಂತೆ, ಅಕ್ಕ.

ಕೊನೆಗೆ ಅವಳು ಬಸ್ಸಿನ ಮಾಲಕ ಜಿತೇಂದ್ರನಿಗೆ ದೂರು ಕೊಟ್ಟಳು. ಆತ ಕಾರಿನಲ್ಲಿ ಬಂದು ಕೈಮುಗಿದು, "ನಮ್ಮ ಬಸ್ಸಿನಲ್ಲಿ ಇನ್ನು ಹೀಗೆ ಆಗುವುದಿಲ್ಲ," ಎಂದ.

ನಿಜಕ್ಕೂ ಆಗಲಿಲ್ಲ. ಮರುದಿನದಿಂದ ನಮ್ಮ ಸ್ಟಾಪಿನಲ್ಲಿ ಹೆಂಗಸರು ಕೈ ತೋರಿಸಿದರೆ ಅವನ ಬಸ್ಸಿನವರು ನಿಲ್ಲಿಸುವುದನ್ನೇ ಬಿಟ್ಟರು, ಅವರನ್ನು ನೋಡಿ ಬೇರೆ ಬಸ್ಸಿನವರೂ. ಹತ್ತಿದರೆ ತಾನೇ ದೂರು? ನೆಗಡಿ ಬಂತೆಂದು ಮೂಗು ಕೊಯ್ಯುವ ಬುದ್ಧಿ, ಅದೂ ನಮ್ಮ ಮೂಗು. ಸುಂದರಣ್ಣ ಕೈ ಎತ್ತಿದರೆ ಮಾತ್ರ ಗಕ್ಕನೆ ಬ್ರೇಕ್ ಬೀಳುತ್ತಿತ್ತು.

ಇನ್ನೊಂದು ದಿನ ತಡವಾದರೆ ಬರುವುದೇ ಬೇಡ ಎಂದು ಲ್ಯಾಬಿನವರು ಕಾವ್ಯಳಿಗೆ ಹೇಳಿಬಿಟ್ಟರು. ಮರುದಿನ ಬೆಳಿಗ್ಗೆ ಅವಳು ಎಲ್ಲಿ ನಿಂತಿದ್ದಳು ಗೊತ್ತೇ? ಸುಂದರಣ್ಣನ ಪಕ್ಕದಲ್ಲಿ. ಬಸ್ಸು ಸಿಗಬೇಕಾದರೆ ಬೇರೆ ದಾರಿ ಇರಲಿಲ್ಲ. ಬ್ಯಾಗನ್ನು ಎದೆಗೆ ಒತ್ತಿಕೊಂಡು ನೆಲ ನೋಡುತ್ತಿದ್ದಳು. ಅವನು ನಗುತ್ತಿದ್ದ. ಕೈಯಲ್ಲಿದ್ದ ಬಟ್ಟೆ ಬಿಸಾಡಿ ರಸ್ತೆ ದಾಟಿದೆ.

ಬಸ್ಸು ಬಂತು. ಅವನು ಕೈ ಎತ್ತಿದ, ನಿಂತಿತು. ಕಾವ್ಯ ಹತ್ತಿದಳು. ಹಿಂದೆಯೇ ಅವನು ಮೆಟ್ಟಿಲಿಗೆ ಕಾಲಿಡುವಷ್ಟರಲ್ಲಿ ಕಾಲರ್ ಹಿಡಿದು ಕೆಳಗೆ ಎಳೆದೆ.

"ಮೇಬಲ್ ಬಾಯಿ, ಎಂತ ಇದು? ಬಿಡಿ ಮಾರಾಯ್ರೆ."

"ಎಂತ ಇಲ್ಲ. ಸುಮ್ಮನೆ ನಿಲ್ಲಿ."

"ಹತ್ತುವುದಿದ್ದರೆ ಹತ್ತಿ, ಟೈಮ್ ಇಲ್ಲ," ಎಂದು ಲಕ್ಷಿತ್ ವಿಸಿಲ್ ಊದಿಯೇ ಬಿಟ್ಟ. ಹಿಂದಿನಿಂದ ಬರುವ ಬಸ್ಸು ಮುಂದೆ ಹೋಗಿ ಜನರನ್ನು ಹತ್ತಿಸಿಕೊಂಡೀತೆಂಬ ಹೆದರಿಕೆ ಅವನಿಗೆ. ಕಾವ್ಯ ಕಿಟಕಿಯಿಂದ ಒಮ್ಮೆ ತಿರುಗಿ ನೋಡಿದಳು, ಬಸ್ಸು ಹೋಯಿತು.

"ನನ್ನ ಬಸ್ಸು ಹೋಯಿತಲ್ಲ," ಎಂದು ಸುಂದರಣ್ಣ ಗೋಳಾಡಿದ.

"ಹೋಗಲಿ. ನಿಮಗೆ ಎಲ್ಲ ಬಸ್ಸೂ ನಿಲ್ಲುತ್ತದೆ ಅಲ್ವಾ," ಎಂದೆ. "ನಾಳೆಯೂ ಬನ್ನಿ. ಕೈ ನೀವು ಎತ್ತಿ, ಹತ್ತುವುದು ನಾವು."