ಮೆನುವಿನ ಹಿಂದಿನ ನೇರಳೆ

ಭಾವನ ಫೋನು ಬಂದಾಗ ಇಲಿ ಯಾವುದೋ ಹಲ್ಲಿನ ಡಾಕ್ಟರ ವೆಬ್‌ಸೈಟಿಗೆ ನಗುವ ಮುಖಗಳನ್ನು ಹುಡುಕುತ್ತಿದ್ದಳು. ಇಲಿ ಎಂಬುದು ಅಕ್ಕ ಇಟ್ಟ ಹೆಸರು. ಮೂರು ಹೊತ್ತೂ ಮೌಸ್ ಹಿಡಿದು ಕೂತಿರುವವಳನ್ನು ಇನ್ನೇನೆಂದು ಕರೆಯಬೇಕು ಎಂದು ಅಕ್ಕ ಒಮ್ಮೆ ನಕ್ಕಿದ್ದೇ ನೆಪ, ಮನೆಮಂದಿಗೆಲ್ಲ ಅದೇ ಬಾಯಿಗೆ ಹತ್ತಿಬಿಟ್ಟಿತ್ತು.

"ಒಂದು ಸಣ್ಣ ಕೆಲಸ ಇತ್ತು ಇಲಿ," ಎಂದು ಭಾವ ಗಂಟಲು ಸರಿಮಾಡಿಕೊಂಡ. "ನಮ್ಮ ಅಂಗಡಿ ವೆಬ್‌ಸೈಟಲ್ಲಿ ಮೇಲ್ಗಡೆ ಮೆನು ಇದೆಯಲ್ಲ, ಅದರ ಹಿಂದಿನ ಬಣ್ಣ ಬದಲಾಯಿಸ್ಬೇಕು."

"ಯಾವುದು, ಆ ನೇರಳೇನಾ?"

"ಹೂಂ. ಬೇರೆ ಏನಾದ್ರೂ ಹಾಕು. ಬೂದಿ ಬಣ್ಣ ಆದ್ರೂ ಪರವಾಗಿಲ್ಲ."

"ನೋಡ್ತೀನಿ ಭಾವ" ಎಂದವಳೇ ಇಲಿ ಫೋನಿಟ್ಟಳು.

ಅಕ್ಕ, ಭಾವ ಇಬ್ಬರೂ ಸೇರಿ ಬಟ್ಟೆಗೆ ಬಣ್ಣ ಹಾಕಿಕೊಡುವ ಅಂಗಡಿ ನಡೆಸುತ್ತಿದ್ದರು. ಗಿರಾಕಿಗಳು ಭಾವನ ಪಾಲು, ಬಣ್ಣದ ತೊಟ್ಟಿಗಳು ಅಕ್ಕನ ಪಾಲು. ಅವಳ ಉಗುರಿನ ಸಂದಿಯಲ್ಲಿ ಬಣ್ಣ ಇಲ್ಲದ ದಿನವನ್ನು ಯಾರೂ ನೋಡಿರಲಿಲ್ಲ. ಬಟ್ಟೆಯ ಒಂದು ಅಂಚನ್ನು ಅದ್ದಿ, ಸ್ವಲ್ಪ ಸ್ವಲ್ಪವೇ ಎತ್ತುತ್ತ, ಒಂದು ಬಣ್ಣವನ್ನು ಇನ್ನೊಂದರೊಳಗೆ ಕರಗಿಸುವುದು ಅವಳ ಕೈಚಳಕ. ಎಲ್ಲಿ ಒಂದು ಮುಗಿಯಿತು, ಎಲ್ಲಿ ಇನ್ನೊಂದು ಶುರುವಾಯಿತು ಎಂದು ಬೆರಳಿಟ್ಟು ತೋರಿಸಲು ಆಗುತ್ತಿರಲಿಲ್ಲ. ಅಂಥದ್ದೇ ಒಂದು ಶಾಲನ್ನು ತನಗಾಗಿ ಮಾಡಿಕೊಂಡಿದ್ದಳು: ಒಂದು ತುದಿಯಲ್ಲಿ ಕಡು ನೇರಳೆ, ಇನ್ನೊಂದು ತುದಿಗೆ ಬರುವಷ್ಟರಲ್ಲಿ ಜೇನಿನ ಬಣ್ಣ.

ಅಂಗಡಿಗೆ ವೆಬ್‌ಸೈಟ್ ಮಾಡುವಾಗ ಇಲಿ ಕಂಪ್ಯೂಟರಿನಲ್ಲೇ ಒಂದು ಬಣ್ಣದಿಂದ ಇನ್ನೊಂದಕ್ಕೆ ಜಾರುವ ಗ್ರೇಡಿಯಂಟ್ ಎಳೆದು ತೋರಿಸಿದ್ದಳು. ಅಕ್ಕ ಮೂಗು ಮುರಿದಳು. "ಇದೇನೇ ಇದು, ಪ್ಲಾಸ್ಟಿಕ್ ಬಕೆಟ್ ಇದ್ದ ಹಾಗಿದೆ! ನನ್ನ ಶಾಲಿನ ಫೋಟೋನೇ ಹಾಕು." ಸರಿ, ಶಾಲನ್ನು ಕಿಟಕಿ ಬೆಳಕಿಗೆ ಹರವಿ ಫೋಟೋ ತೆಗೆದು, ಅದರಲ್ಲೊಂದು ಉದ್ದನೆಯ ಪಟ್ಟಿ ಕತ್ತರಿಸಿ, ಮೇಲೆ ಬಿಳಿ ಅಕ್ಷರ ಕೂರಿಸಿದ್ದಾಯಿತು. ಪರದೆಗಳು, ಶಾಲುಗಳು, ಹೊದಿಕೆಗಳು, ಸಂಪರ್ಕ. ಅಕ್ಕ ಮತ್ತೆ ಮತ್ತೆ ಅದನ್ನೇ ತೆರೆದು ನೋಡುತ್ತಿದ್ದಳು.

ಕಳೆದ ಚಳಿಗಾಲದಲ್ಲಿ ಅವಳಿಗೆ ಜ್ವರ ಬಂತು. ಜ್ವರ ಎದೆಗೆ ಇಳಿಯಿತು. ಆಸ್ಪತ್ರೆಗೆ ತನ್ನ ಕಾಲ ಮೇಲೆ ನಡೆದು ಹೋದವಳು ವಾಪಸು ನಡೆದು ಬರಲಿಲ್ಲ. ಕೊನೆಗೆ ಕಳಿಸಿಕೊಡುವಾಗ, ಅವಳಿಗೆ ಚಳಿಯಾಗಬಾರದು ಎಂದು ಹಟ ಹಿಡಿದು ಅಮ್ಮ ಆ ಶಾಲನ್ನೇ ಹೊದಿಸಿದಳು. ಹಾಗಾಗಿ ಶಾಲೂ ಹೋಯಿತು. ಉಳಿದದ್ದು ವೆಬ್‌ಸೈಟಿನ ಮೇಲಿನ ಆ ಪಟ್ಟಿಯೊಂದೇ.

ವಿಷಯ ಕೇಳಿ ಅಮ್ಮ ಕಿಡಿಕಿಡಿಯಾದಳು. "ವರ್ಷ ತುಂಬಿಲ್ಲ ಕಣೆ ಇನ್ನೂ! ಅಷ್ಟು ಬೇಗ ಬೇಡವಾದಳಾ ಅಳಿಯಂದಿರಿಗೆ? ಹೋಗಿ ಮುಖಕ್ಕೆ ಮುಖ ಕೊಟ್ಟು ಕೇಳು."

ಇಲಿ ಕೇಳಲೆಂದೇ ಹೊರಟಳು. ಬಸ್ಸಿನುದ್ದಕ್ಕೂ ಆಡಬೇಕಾದ ಮಾತನ್ನು ಮಸೆದುಕೊಂಡಳು.

ಅಂಗಡಿಯಲ್ಲಿ ಗಿರಾಕಿಯೊಬ್ಬರಿದ್ದರು. ಮಗಳ ಹೊಸ ಮನೆಗೆ ಪರದೆ ಮಾಡಿಸಬೇಕೆಂದು ಬಂದ ಹೆಂಗಸು. ಭಾವ ಬಟ್ಟೆಯ ಮಾದರಿಗಳನ್ನೆಲ್ಲ ಮೇಜಿನ ಮೇಲೆ ಹರಡಿದ್ದ. ಆಕೆ ಯಾವುದನ್ನೂ ಮುಟ್ಟದೆ, ತನ್ನ ಫೋನನ್ನು ಅವನ ಮುಂದೆ ಹಿಡಿದರು.

"ಇವೆಲ್ಲ ಬೇಡ. ನಿಮ್ಮ ವೆಬ್‌ಸೈಟಲ್ಲಿ ಮೇಲ್ಗಡೆ ಇದೆಯಲ್ಲ, ನೇರಳೆಯಿಂದ ಜೇನಿಗೆ ಹೋಗೋದು, ನನಗೆ ಅದೇ ಬೇಕು."

"ಅದು ಈಗ ಆಗಲ್ಲಮ್ಮ."

"ಎಷ್ಟು ದಿನ ಆದ್ರೂ ಕಾಯ್ತೀವಿ. ನನ್ನ ಮಗಳು ಮನಸ್ಸು ಮಾಡಿಬಿಟ್ಟಿದ್ದಾಳೆ."

"ದಿನದ ಪ್ರಶ್ನೆ ಅಲ್ಲ. ಅದನ್ನ ಮಾಡ್ತಿದ್ದವರು..." ಭಾವ ಮಾದರಿಗಳನ್ನು ಒಂದರ ಮೇಲೊಂದು ಜೋಡಿಸತೊಡಗಿದ. "ನನ್ನ ಹೆಂಡತಿ ಮಾಡ್ತಿದ್ದಳು. ಈಗ ಅವಳಿಲ್ಲ."

"ಊರಿಗೆ ಹೋಗಿದ್ದಾರಾ?"

"ಇಲ್ಲಮ್ಮ. ತೀರಿಕೊಂಡಳು."

ಆಕೆಯ ಮುಖ ಸಪ್ಪೆಯಾಯಿತು. "ಅಯ್ಯೋ, ಗೊತ್ತಿರಲಿಲ್ಲ" ಎಂದು ಫೋನನ್ನು ಚೀಲದೊಳಗೆ ತುರುಕಿದರು. ಏನಾಗಿತ್ತು, ಯಾವಾಗ, ವಯಸ್ಸೆಷ್ಟು, ಎಲ್ಲ ಕೇಳಿದರು. ಭಾವ ಎಲ್ಲಕ್ಕೂ ಉತ್ತರ ಕೊಟ್ಟ, ಪಾಠ ಒಪ್ಪಿಸುವವನ ಹಾಗೆ. ಪರದೆಯ ಮಾತು ಮತ್ತೆ ಎತ್ತದೆ ಆಕೆ ಮೆಲ್ಲಗೆ ಹೊರಟುಹೋದರು.

ಬಾಗಿಲ ಬಳಿ ನಿಂತ ಇಲಿಯನ್ನು ಭಾವ ಆಗ ನೋಡಿದ. "ಬಂದೆಯಾ? ಕೂತ್ಕೊ."

ಇಲಿ ಕೂರಲಿಲ್ಲ. "ಯಾವಾಗಲೂ ಹೀಗೇನಾ ಭಾವ?"

"ಹೆಚ್ಚುಕಮ್ಮಿ ದಿನಾ. ಅವಳ ಜಾಗಕ್ಕೆ ಬಂದ ಹೊಸ ಬಣ್ಣದವರೂ ಕೈಲಾದಷ್ಟು ನೋಡಿದ್ರು, ಪಾಪ. ಎಷ್ಟು ಬಟ್ಟೆ ಹಾಳಾಯ್ತೋ. ಮಧ್ಯದಲ್ಲಿ ಗೆರೆ ಬಂದುಬಿಡುತ್ತೆ." ಅವನು ಕುರ್ಚಿಯಲ್ಲಿ ಕುಸಿದ. "ಜನರದ್ದೇನು ತಪ್ಪು? ಕಣ್ಣಿಗೆ ಕಂಡದ್ದನ್ನ ಕೇಳ್ತಾರೆ. ಆದ್ರೆ ಅವಳು ಇಲ್ಲ, ಅವಳು ಇಲ್ಲ ಅಂತ ಎಷ್ಟು ಸಲ ಹೇಳಲಿ ಇಲಿ? ಮನೇಲಿ ಒಬ್ಬನೇ ಇದ್ದಾಗ ಹೇಗೋ ಇರ್ತೀನಿ. ಇಲ್ಲಿ ಬಂದು ಬಾಗಿಲು ತೆಗೆದ್ರೆ, ಬಾಯಿ ಬಿಟ್ಟು ಹೇಳ್ಬೇಕು."

ಬಸ್ಸಿನಲ್ಲಿ ಮಸೆದುಕೊಂಡು ಬಂದ ಮಾತುಗಳನ್ನು ನೆನೆದು ಇಲಿಗೆ ನಾಚಿಕೆಯಾಯಿತು. ಚೀಲದಿಂದ ಲ್ಯಾಪ್‌ಟಾಪ್ ತೆಗೆದು ಮೇಜಿನ ಮೇಲಿಟ್ಟಳು.

"ಬೂದಿ ಬಣ್ಣ ಮಾತ್ರ ಬೇಡ ಭಾವ. ಅಕ್ಕ ಬೈತಾಳೆ."

"ಬೈತಾಳೆ" ಎಂದ ಭಾವ. ನಗಲು ಹೋಗಿ ಅವನ ಕಣ್ಣು ತುಂಬಿತು.

ಮೂಲ ಚಿತ್ರವನ್ನು ಇಲಿ ಮೊದಲು ಬೇರೆ ಕಡೆ ತೆಗೆದಿಟ್ಟಳು. ಆಮೇಲೆ ಅದರ ನಕಲಿನ ಮೇಲೆ ಕೈಯಿಟ್ಟಳು. ಒಂದು ಗುಂಡಿಯನ್ನು ಅತ್ತಿತ್ತ ಸರಿಸಿದರೆ ಸಾಕು, ಇಡೀ ಪಟ್ಟಿ ಬಣ್ಣ ಬದಲಿಸುತ್ತದೆ, ಮಕ್ಕಳಾಟಿಕೆಯಷ್ಟು ಸುಲಭ. ಆದರೂ ಅವಳ ಬೆರಳು ಅಲ್ಲೇ ಅಂಟಿಕೊಂಡು ನಿಂತಿತು.

"ನಾನು ಎಳೀಲಾ?" ಎಂದ ಭಾವ.

"ಬೇಡ. ನಾನೇ ಮಾಡ್ತೀನಿ."

ಎಳೆದಳು. ನೇರಳೆ ಮೊದಲು ನೀಲಿಯಾಯಿತು, ನೋಡನೋಡುತ್ತಿದ್ದಂತೆ ಹಸಿರಾಯಿತು. ಜೇನಿನ ಕಡೆ ಬಿಳಚಿಕೊಂಡು ಅಕ್ಷರಗಳೇ ಕಾಣದಾದವು. ಅಲ್ಲಿ ಒಂದಿಷ್ಟು ಕಪ್ಪು ಬೆರೆಸಿ ಮತ್ತೆ ಓದುವಂತೆ ಮಾಡಿದಳು. ಹೊಸ ಬಣ್ಣದವರು ಚೆನ್ನಾಗಿ ತೆಗೆಯುತ್ತಿದ್ದದ್ದು ಎಲೆ ಹಸಿರು. ಭಾವ ಅವರ ಬಟ್ಟೆಯ ತುಂಡೊಂದನ್ನು ತಂದು ಸ್ಕ್ರೀನಿನ ಪಕ್ಕ ಹಿಡಿದ. ಪಟ್ಟಿಯ ಎರಡೂ ತುದಿ ಅದೇ ಹಸಿರಿಗೆ ತಾಳೆಯಾಗುವವರೆಗೂ ಇಲಿ ತಿದ್ದಿದಳು. ದೊಡ್ಡದು ಮಾಡಿ ನೋಡಿದಾಗ, ಬಣ್ಣ ಎಷ್ಟೇ ಬದಲಾದರೂ ಶಾಲಿನ ನೂಲಿನ ಎಳೆಗಳು ಹಾಗೇ ಕಾಣುತ್ತಿದ್ದವು. ಒಂದು ಮೂಲೆಯಲ್ಲಿ ಬಣ್ಣ ಕೊಂಚ ಹೆಚ್ಚಾಗಿ ಕೂತು ಬೆರಳಗಲದ ಕಲೆಯಾಗಿತ್ತು. ನೇರಳೆಯಲ್ಲಿ ಅಡಗಿ ಕೂತದ್ದು ಹಸಿರಿನಲ್ಲಿ ಎದ್ದು ಕಾಣುತ್ತಿತ್ತು.

"ಇದನ್ನ ಅಳಿಸಲಾ ಭಾವ?"

ಅವನು ಬಗ್ಗಿ ಬಹಳ ಹೊತ್ತು ನೋಡಿದ. "ಇರಲಿ ಬಿಡು."

ಸಂಜೆಯ ಹೊತ್ತಿಗೆ ಹೊಸ ಪಟ್ಟಿ ವೆಬ್‌ಸೈಟಿಗೆ ಏರಿತು. ಭಾವ ತನ್ನ ಫೋನಿನಲ್ಲಿ ತೆರೆದ, ನೋಡಿದ, ಮುಚ್ಚಿದ.

ಮನೆಯಲ್ಲಿ ಅಮ್ಮ ಕಾದು ಕೂತಿದ್ದಳು. ಇಲಿ ಎಲ್ಲ ಹೇಳಿದಳು, ಪರದೆಗೆ ಬಂದ ಹೆಂಗಸು ಕೇಳಿದ್ದನ್ನೂ, ಭಾವ ಹೇಳಿದ್ದನ್ನೂ. "ನಾನಾದ್ರೆ ಅವಳಿಲ್ಲ ಅಂತ ಯಾರಿಗೂ ಹೇಳಬೇಕಾಗಿ ಬಂದಿಲ್ಲ," ಎಂದಳು ಅಮ್ಮ. "ಇಲ್ಲಿ ಎಲ್ಲರಿಗೂ ಗೊತ್ತು." ಎದ್ದು ಒಳಗೆ ಹೋದವಳು ಆ ರಾತ್ರಿ ಊಟಕ್ಕೆ ಬರಲಿಲ್ಲ. ಬೆಳಿಗ್ಗೆ ಮಾತ್ರ ತಾನಾಗಿಯೇ ಅಳಿಯನಿಗೆ ಫೋನು ಮಾಡಿ, ಭಾನುವಾರ ಮನೆಗೆ ಬನ್ನಿ ಎಂದಳು.

ಕೆಲವು ವಾರಗಳ ನಂತರ ಭಾವನ ಫೋನು ಬಂತು.

"ಇವತ್ತು ಒಬ್ಬರು ಬಂದಿದ್ರು ಇಲಿ. ಮೆನುವಲ್ಲಿರೋ ಹಸಿರೇ ಬೇಕು ಅಂದ್ರು."

"ನೀವೇನಂದ್ರಿ?"

"ಆಗುತ್ತೆ, ಮುಂದಿನ ವಾರ ಬನ್ನಿ ಅಂದೆ. ಅಷ್ಟೇ. ಇನ್ನೇನೂ ಕೇಳಲಿಲ್ಲ ಅವರು."

"ಒಳ್ಳೇದಾಯ್ತಲ್ಲ ಭಾವ."

"ಹೂಂ. ಒಳ್ಳೇದೇ." ಅವನ ದನಿ ತಗ್ಗಿತು. "ಅವರು ಹೋದಮೇಲೆ ಸುಮ್ನೆ ಕೂತಿದ್ದೆ. ಇವತ್ತು ಬೆಳಗಿಂದ ಅವಳ ವಿಷಯ ಯಾರೂ ಎತ್ತಲಿಲ್ಲ ಅನ್ನಿಸ್ತು. ಅದಕ್ಕೇ ನಿನಗೆ ಫೋನ್ ಮಾಡಿದೆ."

ಇಲಿ ಮೌಸಿನಿಂದ ಕೈ ತೆಗೆದಳು. ಆ ಕಡೆ ತೊಟ್ಟಿಗೆ ನೀರು ಬೀಳುವ ಸದ್ದು ಕೇಳುತ್ತಿತ್ತು.

"ಊಟ ಆಯ್ತಾ?" ಎಂದು ಕೇಳಿದ ಭಾವ.

"ಇನ್ನೂ ಇಲ್ಲ. ನಿಮ್ಮದು?"