ನಾಲ್ಕು ಮೂಲೆಯ ಅರಿಶಿನ

ಬೆಳಿಗ್ಗೆ ಎಂಟು ಗಂಟೆಗೆ ಪ್ರಿಂಟರಿನ ತಟ್ಟೆಯಲ್ಲಿ ಬಿದ್ದಿದ್ದ ಆ ಹಾಳೆಯನ್ನು ಊರ್ಮಿಳಾಳ ಕಣ್ಣಿಗೆ ಬೀಳಲಿ ಎಂದು ಯಾರೂ ಇಟ್ಟಿರಲಿಲ್ಲ. ಅಷ್ಟು ದೊಡ್ಡ ಮನಸ್ಸು ಆ ಆಫೀಸಿನಲ್ಲಿ ಯಾರಿಗಿತ್ತು? ಹಿಂದಿನ ಸಂಜೆ ಯಾರೋ ಪ್ರಿಂಟ್ ಕೊಟ್ಟು ಮರೆತು ಹೋಗಿದ್ದರು, ಅಷ್ಟೇ. ಅವಳು ಆವತ್ತು ಬರಲಿದ್ದ ಅತಿಥಿಗಳಿಗೆಂದು ಐವತ್ತು ಹೊಸ ಫಾರಂ ಅಚ್ಚು ಹಾಕಲು ಯೂನಿಯನ್ ಸಿಟಿಯ ಮನೆಯಿಂದ ಟ್ರಾಫಿಕ್ ಏರುವ ಮೊದಲೇ ಹೊರಟು ಸ್ಯಾನ್ ಹೊಸೆಯ ಆಫೀಸಿಗೆ ಬಂದಿದ್ದಳು.

ಅದು ಪೇಟೆಂಟ್ ಅರ್ಜಿಯ ಒಂದು ಪುಟ. ಮೇಲ್ಗಡೆ ‘ಲಾಟರಿ ಆಡುವವರು ಆರಿಸಿದ ಸಂಖ್ಯೆಗಳನ್ನು ಕಾಗದದ ಫಾರಂನ ಬಾರ್‌ಕೋಡುಗಳಿಂದ ತಿಳಿಯುವ ವಿಧಾನ’ ಎಂದಿತ್ತು. ಕೆಳಗೆ ಸಂಶೋಧಕರ ಹೆಸರು. ಒಂದು, ವ್ಯಾಸರಾಜ. ಎರಡು, ತರುಣ್ ವ್ಯಾಸರಾಜ. ಅಂಚಿನಲ್ಲಿ, ನಾಳೆಯ ತಾರೀಖು ಹಾಕಿ, ವಕೀಲರ ಟಿಪ್ಪಣಿ: ಬೆಳಿಗ್ಗೆ ಹತ್ತಕ್ಕೆ ಸಹಿ.

ಊರ್ಮಿಳಾ ಹಾಳೆಯನ್ನು ತಿರುಗಿಸಿದಳು. ಹಿಂಬದಿಯಲ್ಲಾದರೂ ತನ್ನ ಹೆಸರು ಇದ್ದೀತು ಎಂಬ ಹುಚ್ಚು ಆಸೆ. ಹಿಂಬದಿ ಖಾಲಿ ಇತ್ತು.

ಅವಳ ಮೈಯೆಲ್ಲ ಉರಿದುಹೋಯಿತು. ಉರಿಯದೆ ಇನ್ನೇನಾಗುತ್ತದೆ? ಆ ವಿಧಾನ ಮೊದಲಿನಿಂದ ಕೊನೆಯವರೆಗೆ ಅವಳದು. ಎರಡು ವರ್ಷದ ಹಿಂದೆ ಯೂನಿಯನ್ ಸಿಟಿಯ ಇಂಡಿಯನ್ ಗ್ರೋಸರಿಯಲ್ಲಿ ರಾಗಿ ಹಿಟ್ಟಿನ ಪೊಟ್ಟಣದ ಮೇಲಿನ ಬಾರ್‌ಕೋಡು ಉಜ್ಜಿಹೋಗಿ, ಕೌಂಟರಿನ ಹುಡುಗಿ ಎಷ್ಟು ಸಲ ತೋರಿಸಿದರೂ ಸ್ಕ್ಯಾನರ್ ಬಾಯಿ ಬಿಡದೆ ಹೋದಾಗ, ಸಾಲಿನಲ್ಲಿ ನಿಂತೇ ಅವಳಿಗೆ ಹೊಳೆದದ್ದು. ಏನೇನು ಇರಬೇಕೆಂದು ಮೊದಲೇ ಗೊತ್ತಿದ್ದರೆ, ಯಾವುದು ಓದಿಸಿಕೊಳ್ಳಲಿಲ್ಲ ಎಂಬುದೂ ಒಂದು ಸುದ್ದಿಯೇ. ಅಂಗೈಯಗಲದ ಕಾಗದದಲ್ಲಿ ಒಂದರಿಂದ ನಲವತ್ತೊಂಬತ್ತು, ಏಳು ಸಾಲು, ಏಳು ಮನೆ. ಪ್ರತಿ ಮನೆಯಲ್ಲೂ ಅಂಕಿಯ ಜೊತೆಗೆ ಒಂದು ಪುಟಾಣಿ ಬಾರ್‌ಕೋಡು. ಆಡುವವರು ತಮಗೆ ಬೇಕಾದ ಆರು ಮನೆಗಳ ಬಾರ್‌ಕೋಡನ್ನು ಪೆನ್ನಿನಿಂದ ಗೀಚಿ ಮುಚ್ಚಿಬಿಟ್ಟರೆ ಮುಗಿಯಿತು. ಸ್ಕ್ಯಾನರಿಗೆ ಯಾವ ಆರು ಕಾಣುವುದಿಲ್ಲವೋ ಅವೇ ಅವರ ಸಂಖ್ಯೆಗಳು. ಲಾಟರಿಗೆಂದೇ ಮಾಡಿದ ಆನೆಯಂಥ ಯಂತ್ರ ಬೇಡ, ಯಾವುದೇ ಕಿರಾಣಿ ಅಂಗಡಿಯ ಸಾದಾ ಸ್ಕ್ಯಾನರ್ ಸಾಕು. ಅವಳು ಇದನ್ನು ಹೇಳಿದ ದಿನ ವ್ಯಾಸರಾಜರು ಕುರ್ಚಿಯಿಂದ ಎದ್ದೇ ನಿಂತಿದ್ದರು.

ಹನ್ನೊಂದು ಜನರ ಆ ಕಂಪನಿಗೆ ವ್ಯಾಸರಾಜರು ಮಾಲೀಕರು. ಅವಳ ಹಾಗೆಯೇ ಮೈಸೂರಿನವರು. ಮನೆ ಕ್ಯುಪರ್ಟಿನೋದಲ್ಲಿ. ಮಾತು ಸಕ್ಕರೆ. ತರುಣ್ ಅವರ ಮಗ, ಕಂಪನಿಗೆ ಸೇರಿ ನಾಲ್ಕು ತಿಂಗಳು. ಈ ನಾಲ್ಕು ತಿಂಗಳಲ್ಲಿ ಅವನು ಫಾರಂಗೆ ಮಾಡಿದ್ದು ಅಂಕಿಗಳ ಬಣ್ಣವನ್ನು ಕಪ್ಪಿನಿಂದ ನೀಲಿಗೆ ತಿರುಗಿಸಿದ್ದು.

ಊರ್ಮಿಳಾಳಿಗೆ ಈಗ ಐವತ್ಮೂರು. ಎಂಜಿನಿಯರಿಂಗ್‌ನಲ್ಲಿ ರ್‍ಯಾಂಕ್ ಬಂದವಳು ಅಮೆರಿಕಕ್ಕೆ ಬಂದ ಮೇಲೆ ಹತ್ತು ವರ್ಷ ಗಂಡನ ವೀಸಾದ ಬಾಲವಾಗಿ ಕೂತಿದ್ದಳು. ದುಡಿಯಲು ಅನುಮತಿ ಇಲ್ಲ. ಯಾವ ಫಾರಂ ತುಂಬಿದರೂ ಅವಳ ಹೆಸರು ‘ಅವಲಂಬಿತರು’ ಎಂಬ ಕಾಲಂನಲ್ಲಿ. ಆಮೇಲೆ ಮಗಳನ್ನು ದೊಡ್ಡವಳನ್ನಾಗಿ ಮಾಡುವುದರಲ್ಲಿ ಇನ್ನಷ್ಟು ವರ್ಷ ಹೋದವು. ಈ ಲೋಕದಲ್ಲಿ ತಾನೊಬ್ಬಳೇ ತಲೆ ಓಡಿಸಿ ಮಾಡಿದ ಒಂದು ವಸ್ತು ಎಂದರೆ ಈ ಅಂಗೈಯಗಲದ ಕಾಗದ. ಅದಕ್ಕೆ ನಾಳೆ ಹತ್ತು ಗಂಟೆಗೆ ಅಪ್ಪ ಮಗ ಸೇರಿ ಸಹಿ ಹಾಕಲಿದ್ದರು.

ಒಂಬತ್ತಕ್ಕೆ ವ್ಯಾಸರಾಜರು ರೇಷ್ಮೆ ಜುಬ್ಬಾ ತೊಟ್ಟು, ಹೆಂಡತಿ ರಂಜನಿ ಮತ್ತು ಮಗನ ಜೊತೆ ಬಂದರು. ಅಮೆರಿಕದ ದಕ್ಷಿಣಕ್ಕಿರುವ ಒಂದು ಪುಟ್ಟ ದ್ವೀಪದೇಶದ ಲಾಟರಿ ಮಂಡಳಿಯವರು ಹನ್ನೊಂದಕ್ಕೆ ಫಾರಂ ಪರೀಕ್ಷೆ ಮಾಡಲು ಬರುವವರಿದ್ದರು. ಅದಕ್ಕೆ ಮುಂಚೆ ಪೂಜೆ. ಊರ್ಮಿಳಾ ಹಾಳೆ ಹಿಡಿದು ಅವರ ಕೋಣೆಗೇ ನಡೆದಳು.

“ಸರ್, ಇದರಲ್ಲಿ ನನ್ನ ಹೆಸರೆಲ್ಲಿ?”

ವ್ಯಾಸರಾಜರು ಹಾಳೆ ನೋಡಿ ನಕ್ಕರು. ನಾಚಿಕೆಯಾದವರ ನಗೆಯಲ್ಲ ಅದು, ಮಕ್ಕಳನ್ನು ಸಮಾಧಾನ ಮಾಡುವವರ ನಗೆ.

“ಓ, ಅದಾ? ತರುಣ್ ಎಂಬಿಎಗೆ ಅಪ್ಲೈ ಮಾಡ್ತಿದ್ದಾನಲ್ಲ ಊರ್ಮಿಳಾ ಅವರೇ. ಈ ಹುಡುಗ್ರಿಗೆ ಕಾಂಪಿಟೇಶನ್ ಎಷ್ಟಿದೆ ಗೊತ್ತಲ್ಲ. ಒಂದು ಪೇಟೆಂಟ್ ಇದ್ರೆ ಅಪ್ಲಿಕೇಶನ್‌ಗೆ ತೂಕ ಬರುತ್ತೆ.”

“ಮಾಡಿದ್ದು ನಾನು ಸರ್.”

“ಅಲ್ಲ ಅಂದವರ್‍ಯಾರು? ಎಲ್ಲರಿಗೂ ಗೊತ್ತಿದೆ. ಆದ್ರೆ ನಿಮಗೆ ಈ ವಯಸ್ಸಲ್ಲಿ ಪೇಟೆಂಟ್ ಇಟ್ಕೊಂಡು ಆಗಬೇಕಾದ್ದೇನು ಹೇಳಿ? ನೀವು ನಮ್ಮನೆಯವರ ಥರ. ಮನೆಯವರು ಹೀಗೆಲ್ಲ ಲೆಕ್ಕ ಇಡ್ತಾರಾ?”

ಮನೆಯವರ ಥರ! ಆ ಮಾತು ಕೇಳಿ ಅವಳ ಪಿತ್ತ ನೆತ್ತಿಗೇರಿತು. ಕೆಲಸ ಮಾಡುವಾಗ ಮನೆಯವರು, ಹೆಸರು ಬರೆಯುವಾಗ ಹೊರಗಿನವರು. ಅವಳು ಹಾಳೆಯನ್ನು ಮಡಚಿ ಕೈಯಲ್ಲಿ ಹಿಡಿದುಕೊಂಡಳು. ಅಷ್ಟರಲ್ಲಿ ಅವರು ಗಡಿಯಾರ ನೋಡಿ, “ಬನ್ನಿ ಬನ್ನಿ, ಪೂಜೆಗೆ ಹೊತ್ತಾಯ್ತು” ಎಂದು ಎದ್ದೇ ಬಿಟ್ಟರು.

ಮೀಟಿಂಗ್ ಕೋಣೆಯ ಮೇಜಿನ ಮೇಲೆ ಗಣಪತಿ, ಊದುಬತ್ತಿ, ಸ್ಕ್ಯಾನರಿನ ಕೊರಳಿಗೊಂದು ಹೂವಿನ ಹಾರ. ಮೇಜಿನ ಆ ತುದಿಯಲ್ಲಿ ರಂಜನಿ ಒಂದು ಬಟ್ಟಲಲ್ಲಿ ಅರಿಶಿನ ಕಲಸಿಕೊಂಡು ಕೂತಿದ್ದರು. ಮುಂದೆ ಊರ್ಮಿಳಾ ಬೆಳಿಗ್ಗೆ ಅಚ್ಚು ಹಾಕಿದ ಐವತ್ತು ಫಾರಂ. ಮದುವೆಯ ಲಗ್ನಪತ್ರಿಕೆಗೆ ಹಚ್ಚುತ್ತಾರಲ್ಲ, ಹಾಗೆ ಒಂದೊಂದನ್ನೇ ತೆಗೆದು ನಾಲ್ಕೂ ಮೂಲೆಗೆ ದಪ್ಪಗೆ ಅರಿಶಿನ ಹಚ್ಚಿ, ಅದರ ಮೇಲೊಂದು ಕುಂಕುಮದ ಬೊಟ್ಟಿಟ್ಟು ಪಕ್ಕಕ್ಕಿಡುತ್ತಿದ್ದರು. ಮೂವತ್ತರಷ್ಟು ಆಗಲೇ ಮುಗಿದಿದ್ದವು.

ಊರ್ಮಿಳಾಳಿಗೆ ಒಂದೇ ನೋಟಕ್ಕೆ ತಿಳಿಯಿತು. ಮೇಲಿನ ಎರಡು ಮೂಲೆ ಅಂದರೆ ಒಂದು ಮತ್ತು ಏಳು. ಕೆಳಗಿನ ಎರಡು ಮೂಲೆ ಅಂದರೆ ನಲವತ್ಮೂರು ಮತ್ತು ನಲವತ್ತೊಂಬತ್ತು. ನಾಲ್ಕೂ ಬಾರ್‌ಕೋಡು ಅರಿಶಿನದಡಿ ಮಾಯ. ಸ್ಕ್ಯಾನರಿಗೆ ಪೆನ್ನಿನ ಗೀಚಾದರೇನು, ಅರಿಶಿನವಾದರೇನು?

“ರಂಜನಿ ಅವರೇ, ಒಂದು ನಿಮಿಷ. ಹೀಗೆ ಹಚ್ಚಿದ್ರೆ ಮೂಲೆಯಲ್ಲಿರೋ...”

“ಊರ್ಮಿಳಾ ಅವರೇ,” ವ್ಯಾಸರಾಜರು ಅವಳನ್ನು ತಡೆದರು. ಈ ಸಲ ದನಿಯಲ್ಲಿ ಸಕ್ಕರೆ ಇರಲಿಲ್ಲ. “ನಿಮ್ಮ ಮನಸ್ಸಲ್ಲಿ ಏನಿದೆ ಅಂತ ನಂಗೊತ್ತು. ಅದನ್ನ ಶುಭಕಾರ್ಯದ ಮೇಲೆ ತೋರಿಸ್ಬೇಡಿ. ಇವತ್ತು ಇನ್ನೊಂದು ಕೊಂಕು ಮಾತು ಬೇಡ. ಪ್ಲೀಸ್.”

ತರುಣ್ ಫೋನು ನೋಡುತ್ತಿದ್ದ. ರಂಜನಿ ಪಾಪ ಮೂವತ್ತೊಂದನೆಯ ಫಾರಂ ತೆಗೆದುಕೊಂಡರು. ಊರ್ಮಿಳಾ ಬಾಯಿ ಮುಚ್ಚಿದಳು. ಇನ್ನೊಂದು ಸಲ ಹೇಳಬಹುದಿತ್ತು. ಹೇಳಲಿಲ್ಲ. ಬೇಡ ಎಂದವರಿಗೆ ಕೊಡಲು ಅವಳ ಹತ್ತಿರ ಇನ್ನು ಏನೂ ಉಳಿದಿರಲಿಲ್ಲ. ಮಂಗಳಾರತಿಯ ಹೊತ್ತಿಗೆ ಎಲ್ಲರ ಜೊತೆ ಕೈ ಮುಗಿದು ನಿಂತಳು, ಹಲ್ಲು ಕಚ್ಚಿಕೊಂಡು.

ಹನ್ನೊಂದಕ್ಕೆ ಮಂಡಳಿಯ ಮೂವರು ಬಂದರು. ಹಿರಿಯಳು ಬೆಯಾತ್ರಿಸ್ ಎಂಬ ಹೆಂಗಸು. ನರೆತ ಕೂದಲನ್ನು ಚಿಕ್ಕದಾಗಿ ಕತ್ತರಿಸಿಕೊಂಡಿದ್ದಳು, ಕೈಯಲ್ಲೊಂದು ನೋಟ್‌ಬುಕ್, ಯಾರು ಏನು ಹೇಳಿದರೂ ಬರೆದುಕೊಳ್ಳುವ ಅಭ್ಯಾಸ. ಫಾರಂಗಳ ಮೂಲೆಯ ಬೊಟ್ಟು ನೋಡಿ ಚೆನ್ನಾಗಿದೆ ಎಂದಳು. ವ್ಯಾಸರಾಜರು ಉಬ್ಬಿ, ಅದು ನಮ್ಮ ಸಂಪ್ರದಾಯ, ಅದೃಷ್ಟ ತರುತ್ತದೆ, ದಯವಿಟ್ಟು ಇವೇ ಫಾರಂಗಳನ್ನು ಬಳಸಿ ಎಂದರು. ಮೂವರೂ ಪೆನ್ನು ತೆಗೆದು ಆರಾರು ಮನೆ ಗೀಚಿ ಕೊಟ್ಟರು. ತರುಣ್ ಮೊದಲ ಫಾರಂ ಅನ್ನು ಸ್ಕ್ಯಾನರಿನ ಕೆಳಗೆ ಹಿಡಿದ.

ಪರದೆಯ ಮೇಲೆ ಕೆಂಪು ಅಕ್ಷರ ಬಂತು. ಹತ್ತು ಸಂಖ್ಯೆಗಳು. ಅಮಾನ್ಯ.

ಎರಡನೆಯದೂ ಹತ್ತು, ಅಮಾನ್ಯ. ಮೂರನೆಯದೂ ಹಾಗೆಯೇ. ತರುಣ್ ಸ್ಕ್ಯಾನರಿನ ಗಾಜು ಒರೆಸಿದ, ಹಾರ ತೆಗೆದ, ಲ್ಯಾಪ್‌ಟಾಪ್ ಮುಚ್ಚಿ ತೆರೆದ. ಮತ್ತೆ ಹತ್ತು. ವ್ಯಾಸರಾಜರ ಹಣೆಯಲ್ಲಿ ಬೆವರೊಡೆಯಿತು.

“ಪ್ರತಿ ಸಲವೂ ಒಂದು, ಏಳು, ನಲವತ್ಮೂರು, ನಲವತ್ತೊಂಬತ್ತು ಹೆಚ್ಚಿಗೆ ಬರುತ್ತಿವೆ,” ಎಂದಳು ಬೆಯಾತ್ರಿಸ್. ಅವಳ ದನಿ ತಣ್ಣಗಿತ್ತು. “ಯಾಕೆ?”

ತರುಣ್ ಅಪ್ಪನ ಮುಖ ನೋಡಿದ. ಅಪ್ಪ ಮಗನ ಮುಖ ನೋಡಿದರು. ಕಾಗದದ ಮೇಲಿನ ಇಬ್ಬರು ಸಂಶೋಧಕರಿಗೂ ಉತ್ತರ ಗೊತ್ತಿರಲಿಲ್ಲ. ಕಣ್ಣೆದುರೇ ಹಳದಿ ಬೊಟ್ಟಿದ್ದರೂ ಹೊಳೆಯಲಿಲ್ಲ. ಮಾಡಿದವರಿಗಲ್ಲವೇ ಹೊಳೆಯುವುದು?

ಆಗ ವ್ಯಾಸರಾಜರು ಕೈಯೆತ್ತಿ ಬಾಗಿಲ ಬಳಿ ನಿಂತಿದ್ದ ಊರ್ಮಿಳಾಳ ಕಡೆ ತೋರಿಸಿದರು. “ನೋಡಿ, ಇದು ಪೂರ್ತಿ ಊರ್ಮಿಳಾ ಅವರ ಡಿಸೈನು. ಮೊದಲಿನಿಂದ ಕೊನೆಯವರೆಗೆ ಅವರದೇ. ನಾವು ಅವರನ್ನ ನಂಬಿದ್ವಿ” ಎಂದು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಹೇಳಿದರು.

ಎರಡು ವರ್ಷದಲ್ಲಿ ಮೊದಲ ಸಲ ಆ ಬಾಯಿಂದ ಆ ಮಾತು ಬಂದಿತ್ತು. ಗೆದ್ದರೆ ಮಗನದು, ಸೋತರೆ ಅವಳದು! ಊರ್ಮಿಳಾ ನೇರ ಬೆಯಾತ್ರಿಸಳ ಹತ್ತಿರ ಹೋದಳು.

“ಅವರು ಈಗ ಹೇಳಿದ ಮಾತು ಬರೆದುಕೊಂಡಿರಾ?”

“ಬರೆದುಕೊಂಡೆ.”

“ದಿನಾಂಕ ಹಾಕಿ. ಅವರ ಹೆಸರೂ ಹಾಕಿ.”

ಬೆಯಾತ್ರಿಸ್ ಒಂದು ಕ್ಷಣ ಅವಳ ಮುಖ ನೋಡಿ, ಏನೂ ಕೇಳದೆ ಹಾಕಿದಳು. ಊರ್ಮಿಳಾ ಪ್ರಿಂಟರಿಗೆ ಹೋಗಿ ಒಂದು ಹೊಸ ಫಾರಂ ತೆಗೆದು ತಂದು ಕೊಟ್ಟಳು. ಬೆಯಾತ್ರಿಸ್ ಆರು ಮನೆ ಗೀಚಿದಳು. ಪರದೆಯ ಮೇಲೆ ಹಸಿರು ಅಕ್ಷರದಲ್ಲಿ ಆರೇ ಆರು ಸಂಖ್ಯೆ ಬಂದವು. ಆಮೇಲೆ ಊರ್ಮಿಳಾ ಹಳೆಯ ಫಾರಂ ಎತ್ತಿ ಹಿಡಿದು ಒಂದು ಮೂಲೆಯ ಅರಿಶಿನವನ್ನು ಉಗುರಿನಿಂದ ಕೆರೆದು ಅಡಿಯಲ್ಲಿದ್ದ ಬಾರ್‌ಕೋಡನ್ನು ತೋರಿಸಿದಳು. ರಂಜನಿ ಬಾಯಿಗೆ ಸೆರಗು ಒತ್ತಿಕೊಂಡರು.

“ಹಾಗಾದರೆ,” ಬೆಯಾತ್ರಿಸ್ ಪೆನ್ನು ಮೇಜಿನ ಮೇಲಿಟ್ಟಳು, “ನಮ್ಮ ಊರಿನಲ್ಲಿ ಇದನ್ನು ತುಂಬುವವರು ಮೀನು ಹಿಡಿಯುವವರು. ಕೈಯಲ್ಲಿ ಎಣ್ಣೆ, ರಕ್ತ, ಮಸಿ ಎಲ್ಲ ಇರುತ್ತದೆ. ಪ್ರತಿ ಕಲೆಯೂ ಒಂದು ಸಂಖ್ಯೆಯಾಗಿಬಿಡುತ್ತದೆ.”

ಪೆಟ್ಟು ಸರಿಯಾದ ಜಾಗಕ್ಕೇ ಬಿತ್ತು. ಅರಿಶಿನ ಹಚ್ಚಿದವರನ್ನು ಬೈದುಕೊಂಡು ತಪ್ಪಿಸಿಕೊಳ್ಳುವ ಪ್ರಶ್ನೆ ಇದಾಗಿರಲಿಲ್ಲ. ಎಲ್ಲರ ಕೈಯೂ ತೊಳೆದ ಕೈ ಎಂದುಕೊಂಡು ಮಾಡಿದವಳು ಅವಳೇ.

“ಅದು ನನ್ನ ತಪ್ಪು” ಎಂದಳು ಊರ್ಮಿಳಾ. “ನನ್ನೊಬ್ಬಳದೇ. ನಾನು ಅದನ್ನು ಯೋಚಿಸಿರಲಿಲ್ಲ. ಈಗ ಯೋಚಿಸಿದ್ದೇನೆ. ಸರಿಪಡಿಸುವ ದಾರಿಯೂ ಹೊಳೆದಿದೆ. ಮೂರು ದಿನದ ಕೆಲಸ.”

“ನೋಡಿ, ನೋಡಿ, ನಮ್ಮ ಟೀಮು ಅಂದ್ರೆ ಹೀಗೆ!” ವ್ಯಾಸರಾಜರಿಗೆ ಜೀವ ಬಂತು. ಅವಳ ಹತ್ತಿರ ಬಂದು ಕನ್ನಡದಲ್ಲಿ ಪಿಸುಗುಟ್ಟಿದರು. “ಏನದು ದಾರಿ? ತರುಣ್‌ಗೆ ಹೇಳಿಬಿಡಿ, ಅವನು ಬೋರ್ಡ್ ಮೇಲೆ ಬರೆದು ತೋರಿಸ್ಲಿ.”

ಊರ್ಮಿಳಾ ಪಿಸುಗುಟ್ಟಲಿಲ್ಲ. ಕೋಣೆಯಲ್ಲಿದ್ದ ಎಲ್ಲರಿಗೂ ಕೇಳುವಂತೆ ಕನ್ನಡದಲ್ಲೇ ಹೇಳಿದಳು.

“ಹೇಳಲ್ಲ ಸರ್. ನನ್ನ ಹೆಸರು ಬರೆಯೋವರೆಗೂ ಒಂದು ಅಕ್ಷರ ಹೇಳಲ್ಲ. ಇಬ್ಬರು ಸಂಶೋಧಕರು ಇಲ್ಲೇ ಇದ್ದೀರಲ್ಲ, ನೀವೇ ಕಂಡುಹಿಡೀರಿ. ನಾಳೆ ಹತ್ತು ಗಂಟೆಗೆ ವಕೀಲರ ಮುಂದೆ, ಇದನ್ನ ನಾವೇ ಮಾಡಿದ್ದು ಅಂತ ಪ್ರಮಾಣ ಮಾಡೋಕೆ ಹೊರಟಿದ್ದೀರಿ. ಇವತ್ತು ಇವರ ಮುಂದೆ ಮಾಡಿ ನೋಡೋಣ.”

“ಮನೆ ಮಾತು ಆಮೇಲೆ ಮಾತಾಡೋಣ ಊರ್ಮಿಳಾ ಅವರೇ. ಹೊರಗಿನವರು ಇದ್ದಾರೆ.”

“ನಾನೂ ಹೊರಗಿನವಳೇ ಸರ್. ಬೆಳಿಗ್ಗೆ ನೀವೇ ತಿಳಿಸಿಕೊಟ್ರಿ.”

ಅವಳು ಕುರ್ಚಿ ಎಳೆದುಕೊಂಡು ಕೂತಳು. ಬೆಳಗಿನ ಹಾಳೆಯನ್ನು ಮಡಿಕೆ ಬಿಡಿಸಿ ಮೇಜಿನ ಮೇಲೆ ಅವರ ಮುಂದೆ ಇಟ್ಟಳು. ಭಾಷೆ ತಿಳಿಯದ ಮೂವರಿಗೂ ಆ ಹಾಳೆಯ ಮೇಲಿನ ಎರಡು ಹೆಸರು ಓದಲು ಬಂತು. ಬೆಯಾತ್ರಿಸ್ ಅದನ್ನು ಓದಿ, ತನ್ನ ನೋಟ್‌ಬುಕ್ ನೋಡಿಕೊಂಡು, ವ್ಯಾಸರಾಜರ ಮುಖಕ್ಕೆ ಕಣ್ಣು ನೆಟ್ಟಳು. ತರುಣ್ ಕಿವಿಯವರೆಗೆ ಕೆಂಪಾಗಿದ್ದ.

“ಡ್ಯಾಡ್, ಜಸ್ಟ್ ರೈಟ್ ಇಟ್” ಎಂದ.

ವ್ಯಾಸರಾಜರು ಜುಬ್ಬಾದ ಜೇಬಿನಿಂದ ಪೆನ್ನು ತೆಗೆದರು. ತಮ್ಮ ಹೆಸರು, ಮಗನ ಹೆಸರು, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಮೂರು ಎಂದು ಹಾಕಿ ಊರ್ಮಿಳಾ ಎಂದು ಬರೆದು ಹಾಳೆಯನ್ನು ಅವಳತ್ತ ತಳ್ಳಿದರು. “ಆಯ್ತಲ್ಲ? ಸಮಾಧಾನ ಆಯ್ತಾ?”

ಆಗಿರಲಿಲ್ಲ. ಅವಳು ಹಾಳೆಯನ್ನು ಹಿಂದಕ್ಕೆ ತಳ್ಳಿದಳು.

“ಮೇಲೆ ಬರೀರಿ. ಮೊದಲನೇ ಹೆಸರು.”

“ಮೇಲೆ ಎಲ್ಲಿ ಜಾಗ ಇದೆ?”

“ನಿಮ್ಮದು, ನಿಮ್ಮ ಮಗಂದು ಎರಡೂ ಹೊಡೆದು ಹಾಕಿ ಸರ್. ಬೇಕಾದಷ್ಟು ಜಾಗ ಆಗುತ್ತೆ.”

ವ್ಯಾಸರಾಜರ ಪೆನ್ನು ಅಲುಗಾಡಲಿಲ್ಲ. ತರುಣ್ ಮೇಜಿನ ಮೇಲೆ ಬಗ್ಗಿ ಅಪ್ಪನ ಕೈಯಿಂದ ಅದನ್ನು ಬಿಡಿಸಿಕೊಂಡು, ಮೊದಲು ತನ್ನ ಹೆಸರಿನ ಮೇಲೆ ಗೀಟು ಎಳೆದ. ಆಮೇಲೆ ಪೆನ್ನನ್ನು ಅಪ್ಪನ ಕೈಗೇ ವಾಪಸು ಕೊಟ್ಟ. ಕೋಣೆಯಲ್ಲಿ ಎಲ್ಲರೂ ಕಾಯುತ್ತಿದ್ದರು. ಊರ್ಮಿಳಾಳಿಗೆ ಯಾವ ಅವಸರವೂ ಇರಲಿಲ್ಲ.